ಅರ್ಧ ಮೀಟರ್ ಕನ್ನಡಿ, ಸೆಕೆಂಡಿಗೊಂದು ಡಿಗ್ರಿ ಓಟ: ಉಪಗ್ರಹದ ಚಿತ್ರ ತೆಗೆಯುವ ಟೆಲಿಸ್ಕೋಪಿನ ಲೆಕ್ಕಾಚಾರ

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಉದ್ದ 109 ಮೀಟರ್. ಅದು ಸುತ್ತುವ ಎತ್ತರ ಸುಮಾರು 410 ಕಿ.ಮೀ. ನೆತ್ತಿಯ ಮೇಲೆ ಬಂದಾಗ ಅದರ ಕೋನೀಯ ಗಾತ್ರ 55 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡ್), ಪಂಚಾಂಗದವರ ಮಾತಿನಲ್ಲಿ 55 ವಿಕಲೆ. ಗುರುಗ್ರಹ ನಮಗೆ ತೀರಾ ಹತ್ತಿರ ಬಂದಾಗಲೂ ಅದರ ಬಿಂಬ ಸುಮಾರು 50 ಆರ್ಕ್‌ಸೆಕೆಂಡ್ ಮಾತ್ರ. ಅಂದರೆ ಗುರುವಿನ ಪಟ್ಟೆ ತೋರಿಸುವ ಯಾವ ಟೆಲಿಸ್ಕೋಪೂ ನಿಲ್ದಾಣದ ಸೌರಫಲಕಗಳನ್ನು ತೋರಿಸಬೇಕು. ಆದರೆ ಗುರು ನಿಂತಲ್ಲೇ ನಿಂತಿರುತ್ತಾನೆ, ನಿಲ್ದಾಣ ಸೆಕೆಂಡಿಗೆ 7.66 ಕಿ.ಮೀ. ಓಡುತ್ತದೆ. ನೆತ್ತಿಯಲ್ಲಿ ಅದು ಸೆಕೆಂಡಿಗೆ 1.07 ಡಿಗ್ರಿ. ಎರಡು ಹುಣ್ಣಿಮೆ ಚಂದ್ರರಷ್ಟು ಆಕಾಶ ಒಂದೇ ಸೆಕೆಂಡಿನಲ್ಲಿ ದಾಟಿಹೋಗುತ್ತದೆ.

ದೊಡ್ಡ ಟೆಲಿಸ್ಕೋಪ್ ಅಂದ ಕೂಡಲೇ ಎಲ್ಲರೂ ಕನ್ನಡಿಯ ವ್ಯಾಸದಿಂದ ಶುರುಮಾಡುತ್ತಾರೆ. ಉಪಗ್ರಹದ ಕೆಲಸಕ್ಕೆ ಶುರುಮಾಡಬೇಕಾದದ್ದು ಇನ್ನೊಂದು ಸಂಖ್ಯೆಯಿಂದ: ಒಂದು ಮಿಲಿಸೆಕೆಂಡ್. ಒಂದು ಫ್ರೇಮಿಗೆ ಸಿಗುವ ಎಕ್ಸ್‌ಪೋಷರ್ ಅಷ್ಟೇ. ಕನ್ನಡಿ ಎಷ್ಟು ದೊಡ್ಡದಿರಬೇಕು, ಗಾಜು ಎಷ್ಟು ದಪ್ಪ, ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೌಂಟ್ ಎಂಥದ್ದು, ಎಲ್ಲಿ ಹಣ ಸುರಿಯಬೇಕು, ಎಲ್ಲಿ ಕೈ ಬಿಗಿಹಿಡಿಯಬೇಕು ಎಂಬುದೆಲ್ಲ ಇದರಿಂದಲೇ ತೀರ್ಮಾನವಾಗುತ್ತದೆ.

ಎಷ್ಟು ದೊಡ್ಡ ಕನ್ನಡಿ?

ಗಾಳಿಯೇ ಇಲ್ಲದಿದ್ದರೆ ಲೆಕ್ಕ ಸುಲಭ. ಕೆಂಪು ಬೆಳಕಿನಲ್ಲಿ, ಅಂದರೆ 600 ನ್ಯಾನೊಮೀಟರ್ ಅಲೆಯುದ್ದದಲ್ಲಿ, ಅರ್ಧ ಮೀಟರ್ ಕನ್ನಡಿ 0.3 ಆರ್ಕ್‌ಸೆಕೆಂಡ್ ಬಿಡಿಸಿ ತೋರಿಸುತ್ತದೆ. 410 ಕಿ.ಮೀ. ದೂರದಲ್ಲಿ ಅದು 60 ಸೆಂ.ಮೀ. ಒಂದು ಮೀಟರ್ ಕನ್ನಡಿಯಾದರೆ 30 ಸೆಂ.ಮೀ. 30 ಸೆಂ.ಮೀ. ಕನ್ನಡಿಯಾದರೆ ಒಂದು ಮೀಟರ್. ಇಷ್ಟು ನೋಡಿ ಒಂದು ಮೀಟರಿನ ಗಾಜಿಗೆ ಕೈ ಹಾಕುವ ಮುಂಚೆ ಗಾಳಿಯ ಲೆಕ್ಕವನ್ನೂ ನೋಡಬೇಕು.

ವಾತಾವರಣದ ಕದಡನ್ನು ಅಳೆಯಲು ಫ್ರೀಡ್ ಅಳತೆ ಎಂಬುದೊಂದಿದೆ. ಬೆಳಕಿನ ಅಲೆ ಹೆಚ್ಚು ಸುಕ್ಕಾಗದೆ ಉಳಿಯುವ ತುಣುಕಿನ ವ್ಯಾಸ ಅಂತ ತಿಳಿದುಕೊಳ್ಳಿ. ಸಾಧಾರಣ ಒಳ್ಳೆಯ ರಾತ್ರಿಯಲ್ಲಿ, ಹಸಿರು ಬೆಳಕಿಗೆ, ಅದು 10 ಸೆಂ.ಮೀ. ಮನೆಯ ತಾರಸಿಯ ಮೇಲೆ ಸಂಜೆ ಹೊತ್ತು 5 ಸೆಂ.ಮೀ. ಸಿಕ್ಕರೂ ಸಮಾಧಾನಪಡಬೇಕು. ಕಿರು ಎಕ್ಸ್‌ಪೋಷರಿನ ಸಾವಿರಾರು ಫ್ರೇಮುಗಳಲ್ಲಿ ಗಾಳಿ ಆಕಸ್ಮಿಕವಾಗಿ ತಿಳಿಯಾದ ಕ್ಷಣಗಳನ್ನು ಮಾತ್ರ ಹೆಕ್ಕುವುದು ಈ ಕೆಲಸದ ಮೂಲ ಉಪಾಯ. ಅಂಥ ಅದೃಷ್ಟದ ಫ್ರೇಮ್ ಸಿಗುವ ಸಂಭವ ಎಷ್ಟು ಎಂಬ ಸೂತ್ರವನ್ನು ಡೇವಿಡ್ ಫ್ರೀಡ್ 1978ರಲ್ಲಿ ಕೊಟ್ಟರು. ಕನ್ನಡಿ ಫ್ರೀಡ್ ಅಳತೆಯ 5 ಪಟ್ಟು ಇದ್ದರೆ ನೂರಕ್ಕೆ ಸುಮಾರು 11 ಫ್ರೇಮ್ ಚೊಕ್ಕವಾಗಿರುತ್ತವೆ. 7 ಪಟ್ಟಾದರೆ ಸಾವಿರಕ್ಕೆ ಸುಮಾರು 3. 10 ಪಟ್ಟಾದರೆ ಹತ್ತು ಲಕ್ಷಕ್ಕೆ ಒಂದು. ಒಂದು ಹಾಯುವಿಕೆಯಲ್ಲಿ, ಅಂದರೆ ನಿಲ್ದಾಣ ಒಮ್ಮೆ ಆಕಾಶ ದಾಟುವಷ್ಟರಲ್ಲಿ, ಸಿಗುವುದು ಹೆಚ್ಚೆಂದರೆ ಕೆಲವು ಹತ್ತು ಸಾವಿರ ಫ್ರೇಮ್. ಒಂದು ಮೀಟರ್ ಕನ್ನಡಿಗೆ, 10 ಸೆಂ.ಮೀ.ಯ ರಾತ್ರಿಯಲ್ಲಿ, ಒಂದೇ ಒಂದು ಒಳ್ಳೆಯ ಫ್ರೇಮ್ ಕೂಡ ಬಾರದೆ ಇರಬಹುದು.

ಇದಕ್ಕೆ ಎರಡು ಪರಿಹಾರಗಳಿವೆ. ಒಂದು, ಅಡಾಪ್ಟಿವ್ ಆಪ್ಟಿಕ್ಸ್. ಹವಾಯಿಯ ಹಲೇಆಕಲಾ ಬೆಟ್ಟದ ಮೇಲೆ ಅಮೆರಿಕದ ವಾಯುಪಡೆ ಕಟ್ಟಿಸಿದ 3.67 ಮೀಟರ್ ಟೆಲಿಸ್ಕೋಪಿಗೆ ಇರುವುದು ಅದೇ: 941 ಪುಟ್ಟ ತಳ್ಳುಗಳು ಕನ್ನಡಿಯೊಂದನ್ನು ಕ್ಷಣಕ್ಷಣಕ್ಕೂ ಬಾಗಿಸುತ್ತವೆ. ನಮ್ಮ ಜೇಬಿನ ಮಾತಲ್ಲ. ಇನ್ನೊಂದು, ಕೆಂಪಿನ ಕಡೆ ಸರಿಯುವುದು. ಅಲೆಯುದ್ದ ಹೆಚ್ಚಿದಂತೆ ಫ್ರೀಡ್ ಅಳತೆ ಅದರ 1.2ನೇ ಘಾತದಲ್ಲಿ ಬೆಳೆಯುತ್ತದೆ. ಹಸಿರಿನಲ್ಲಿ 10 ಸೆಂ.ಮೀ. ಇದ್ದದ್ದು 700 ನ್ಯಾನೊಮೀಟರಿನಲ್ಲಿ 15 ಸೆಂ.ಮೀ. ಆಗುತ್ತದೆ. ಆಗ ಅರ್ಧ ಮೀಟರ್ ಕನ್ನಡಿ ಬರೀ 3.3 ಪಟ್ಟು, ಒಳ್ಳೆಯ ಫ್ರೇಮಿಗೆ ಬರವಿಲ್ಲ. 7 ಸೆಂ.ಮೀ.ಯ ಕೆಟ್ಟ ರಾತ್ರಿಯಲ್ಲೂ ಅದು 5 ಪಟ್ಟಿನ ಒಳಗೇ ಉಳಿಯುತ್ತದೆ. 610 ನ್ಯಾನೊಮೀಟರಿನಿಂದಾಚೆಗಿನ ಬೆಳಕನ್ನಷ್ಟೇ ಬಿಡುವ ಕೆಂಪು ಫಿಲ್ಟರಿಗೆ ಕೊಟ್ಟ ಹಣ ಇಡೀ ಯಂತ್ರದಲ್ಲಿ ಅತಿ ಹೆಚ್ಚು ಫಲ ಕೊಡುವ ಹಣ. ಇನ್ನೂ ಒಂದು ಲಾಭವಿದೆ. 45 ಡಿಗ್ರಿ ಎತ್ತರದಲ್ಲಿ ವಾತಾವರಣ 400ರಿಂದ 700 ನ್ಯಾನೊಮೀಟರಿನ ಬೆಳಕನ್ನು ಸುಮಾರು ಒಂದೂವರೆ ಆರ್ಕ್‌ಸೆಕೆಂಡಿನಷ್ಟು ಕಾಮನಬಿಲ್ಲಾಗಿ ಎಳೆಯುತ್ತದೆ. 600ರಿಂದ 700ರ ಒಳಗೆ ಆ ಎಳೆತ ಕಾಲು ಆರ್ಕ್‌ಸೆಕೆಂಡ್ ಮಾತ್ರ.

ಹಾಗಾಗಿ 40ರಿಂದ 50 ಸೆಂ.ಮೀ.ಗೆ ನಿಲ್ಲಿಸುವುದು ಜಾಣತನ. ಟೆಲಿಸ್ಕೋಪಿನ ಖರ್ಚು ವ್ಯಾಸದ ಎರಡೂವರೆ ಘಾತಕ್ಕಿಂತ ಸ್ವಲ್ಪ ಹೆಚ್ಚಾಗಿ ಏರುತ್ತದೆ ಎಂಬುದು ವೀಕ್ಷಣಾಲಯ ಕಟ್ಟುವವರ ಹಳೆಯ ಅಂದಾಜು. ವ್ಯಾಸ ದುಪ್ಪಟ್ಟಾದರೆ ಖರ್ಚು ಆರು ಪಟ್ಟಿಗೂ ಮೇಲೆ. ಆರು ಪಟ್ಟು ಕೊಟ್ಟು ಹತ್ತು ಲಕ್ಷಕ್ಕೊಂದು ಫ್ರೇಮ್ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಇಲ್ಲಿ ಹಲವರು ಎಡವುವ ಒಂದು ಅಂಶ ಹೇಳಿಬಿಡಬೇಕು. ದೊಡ್ಡ ಕನ್ನಡಿ ಹೆಚ್ಚು ಬೆಳಕು ಹಿಡಿಯುತ್ತದೆ, ಆದ್ದರಿಂದ ಎಕ್ಸ್‌ಪೋಷರ್ ಕಡಿಮೆ ಮಾಡಬಹುದು ಎಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ. ನಿಲ್ದಾಣ ಚುಕ್ಕೆಯಲ್ಲ, ಹರಡಿಕೊಂಡ ವಸ್ತು. ಒಂದು ಪಿಕ್ಸೆಲಿಗೆ ಬೀಳುವ ಬೆಳಕನ್ನು ತೀರ್ಮಾನಿಸುವುದು ಎಫ್ ಸಂಖ್ಯೆ (ಸಂಗಮದೂರವನ್ನು ವ್ಯಾಸದಿಂದ ಭಾಗಿಸಿದಾಗ ಬರುವುದು), ವ್ಯಾಸವಲ್ಲ. ಎಫ್/10ರಲ್ಲಿ 20 ಸೆಂ.ಮೀ. ಕನ್ನಡಿಗೂ 50 ಸೆಂ.ಮೀ. ಕನ್ನಡಿಗೂ ಎಕ್ಸ್‌ಪೋಷರ್ ಒಂದೇ. ದೊಡ್ಡದರಲ್ಲಿ ನಿಲ್ದಾಣ ಹೆಚ್ಚು ಪಿಕ್ಸೆಲುಗಳ ಮೇಲೆ ಕೂರುತ್ತದೆ, ಅಷ್ಟೇ.

ಪಿಕ್ಸೆಲ್, ಬಾರ್ಲೊ, ಕ್ಯಾಮೆರಾ

ಎಫ್ ಸಂಖ್ಯೆಯನ್ನು ಕ್ಯಾಮೆರಾದ ಪಿಕ್ಸೆಲಿನಿಂದ ಹಿಂದಕ್ಕೆ ಎಣಿಸಿ: ಪಿಕ್ಸೆಲಿನ ಅಳತೆಯನ್ನು ಮೈಕ್ರಾನಿನಲ್ಲಿ ಹಿಡಿದು, ಎರಡರಿಂದ ಗುಣಿಸಿ, ಮೈಕ್ರಾನಿನಲ್ಲಿರುವ ಅಲೆಯುದ್ದದಿಂದ ಭಾಗಿಸಬೇಕು. ಸೋನಿಯ ಐಎಂಎಕ್ಸ್290 ಅಥವಾ ಐಎಂಎಕ್ಸ್462 ಸೆನ್ಸರಿನ ಪಿಕ್ಸೆಲ್ 2.9 ಮೈಕ್ರಾನ್, 0.65 ಮೈಕ್ರಾನ್ ಬೆಳಕಿಗೆ ಎಫ್/9 ಬರುತ್ತದೆ. 500 ಮಿ.ಮೀ., ಎಫ್/4 ಕನ್ನಡಿಗೆ 2.5 ಪಟ್ಟಿನ ಬಾರ್ಲೊ (ಸಂಗಮದೂರ ಹಿಗ್ಗಿಸುವ ಮಸೂರ) ಹಾಕಿದರೆ ಎಫ್/10, ಸಂಗಮದೂರ 5 ಮೀಟರ್. ಒಂದು ಪಿಕ್ಸೆಲ್ ಅಂದರೆ 0.12 ಆರ್ಕ್‌ಸೆಕೆಂಡ್. ನಿಲ್ದಾಣ ಸುಮಾರು 460 ಪಿಕ್ಸೆಲ್ ಉದ್ದ ಕಾಣುತ್ತದೆ. ಅದರ ಕಾಂತಿಮಾನ (ಹೊಳಪಿನ ಅಳತೆ; ಸಂಖ್ಯೆ ಇಳಿದಷ್ಟೂ ಹೊಳಪು ಹೆಚ್ಚು) ಮೈನಸ್ 3 ಎಂದಿಟ್ಟುಕೊಂಡು, ಕನ್ನಡಿ, ಬಾರ್ಲೊ, ಸೆನ್ಸರುಗಳಲ್ಲಿ ಬೆಳಕು ಅರ್ಧಕ್ಕಿಳಿಯುತ್ತದೆ ಎಂದು ಹಿಡಿದರೆ, ಒಂದು ಮಿಲಿಸೆಕೆಂಡಿನಲ್ಲಿ ಬೆಳಗಿದ ಪ್ರತಿ ಪಿಕ್ಸೆಲಿಗೆ ಇನ್ನೂರು ಮುನ್ನೂರು ಎಲೆಕ್ಟ್ರಾನ್ ಸಿಗುತ್ತವೆ. ಕೆಂಪು ಫಿಲ್ಟರ್ ಅದರಲ್ಲಿ ಒಂದು ಪಾಲು ಕತ್ತರಿಸುತ್ತದೆ. ಕ್ಯಾಮೆರಾದ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಏರಿಸಿದರೆ ಸಾಕಷ್ಟಾಯಿತು. ಎಫ್/20ಕ್ಕೆ ಹೋದರೆ ಇದು ಕಾಲು ಭಾಗಕ್ಕೆ ಇಳಿಯುತ್ತದೆ. ಚಿತ್ರ ದೊಡ್ಡದಾಗುತ್ತದೆ, ವಿವರ ಒಂದಿಷ್ಟೂ ಹೆಚ್ಚುವುದಿಲ್ಲ. ಬಾರ್ಲೊ ದುರಾಸೆ ಬೇಡ.

ಒಂದು ಮಿಲಿಸೆಕೆಂಡೇ ಯಾಕೆ? ಗಾಳಿ ತನ್ನ ಸುಕ್ಕು ಬದಲಿಸಿಕೊಳ್ಳುವ ಕಾಲ ಸ್ಥೂಲವಾಗಿ 0.314 ಗುಣಿಸು ಫ್ರೀಡ್ ಅಳತೆ, ಭಾಗಿಸು ಗಾಳಿಯ ವೇಗ. ನಕ್ಷತ್ರ ನೋಡುವಾಗ, ಸೆಕೆಂಡಿಗೆ 10 ಮೀಟರ್ ಗಾಳಿಗೆ, 3 ಮಿಲಿಸೆಕೆಂಡ್ ಬರುತ್ತದೆ. ಆದರೆ ಉಪಗ್ರಹವನ್ನು ಹಿಂಬಾಲಿಸುವಾಗ ನಮ್ಮ ದೃಷ್ಟಿರೇಖೆಯೇ ಗಾಳಿಯನ್ನು ಸೀಳಿಕೊಂಡು ಓಡುತ್ತದೆ. ಸೆಕೆಂಡಿಗೆ ಒಂದು ಡಿಗ್ರಿ ತಿರುಗಿದರೆ 10 ಕಿ.ಮೀ. ಎತ್ತರದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 180 ಮೀಟರ್. ಮೇಲಿನ ಪದರದ ಕದಡು ಬಿರುಗಾಳಿಯಂತೆ ಹಾದುಹೋಗುತ್ತದೆ. ನೆಲದ ಹತ್ತಿರದ ಪದರಕ್ಕೆ ಇದರಿಂದ ಹೆಚ್ಚು ವ್ಯತ್ಯಾಸವಿಲ್ಲ; 100 ಮೀಟರ್ ಎತ್ತರದಲ್ಲಿ ಬರೀ 2 ಮೀಟರಿನ ವೇಗ. ಹಾಗಾಗಿ 1 ಮಿಲಿಸೆಕೆಂಡ್ ಗರಿಷ್ಠ ಮಿತಿ. ಬೆಳಕು ಸಾಕಾದರೆ ಅರ್ಧಕ್ಕೂ ಇಳಿಸಿ.

ಐಎಂಎಕ್ಸ್290 ರೋಲಿಂಗ್ ಶಟರ್. ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಓದಿ ಮುಗಿಸಲು 6-7 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಆ ನಡುವೆ ಚಿತ್ರ ಸೆಕೆಂಡಿಗೆ 60 ಆರ್ಕ್‌ಸೆಕೆಂಡ್ ಸರಿಯುತ್ತಿದ್ದರೆ ಇಡೀ ಫ್ರೇಮ್ 0.4 ಆರ್ಕ್‌ಸೆಕೆಂಡ್ ಓರೆಯಾಗುತ್ತದೆ. ಟ್ರ್ಯಾಕಿಂಗ್ ಅಲುಗಾಡುವ ಮೌಂಟಿಗೆ ಇಡೀ ಫ್ರೇಮನ್ನು ಒಟ್ಟಿಗೇ ಹಿಡಿಯುವ ಗ್ಲೋಬಲ್ ಶಟರಿನ ಐಎಂಎಕ್ಸ್174 ಒಳ್ಳೆಯದು. ಅದರ ಪಿಕ್ಸೆಲ್ 5.86 ಮೈಕ್ರಾನ್, ಹಾಗಾಗಿ ಎಫ್/18ಕ್ಕೆ ಒಯ್ಯುವ ಬಾರ್ಲೊ ಬೇಕಾಗುತ್ತದೆ. ಕಂಪ್ಯೂಟರಿನ ಕಡೆಯ ಲೆಕ್ಕವನ್ನೂ ಮರೆಯಬಾರದು: 21 ಲಕ್ಷ ಪಿಕ್ಸೆಲ್, 8 ಬಿಟ್, ಸೆಕೆಂಡಿಗೆ 150 ಫ್ರೇಮ್ ಅಂದರೆ ಸೆಕೆಂಡಿಗೆ 315 ಮೆಗಾಬೈಟ್, ಆರು ನಿಮಿಷಕ್ಕೆ 113 ಗಿಗಾಬೈಟ್. ತಿರುಗುವ ಹಾರ್ಡ್ ಡಿಸ್ಕ್ ಇದನ್ನು ನುಂಗುವುದಿಲ್ಲ. ಫ್ರೇಮುಗಳು ಸದ್ದಿಲ್ಲದೆ ಉದುರುತ್ತವೆ. ವೇಗದ ಎನ್‌ವಿಎಂಇ ಎಸ್‌ಎಸ್‌ಡಿಯೇ ಬೇಕು, ಅದೂ ಅರ್ಧಕ್ಕಿಂತ ಹೆಚ್ಚು ಖಾಲಿ ಇರಬೇಕು. ಫೈರ್‌ಕ್ಯಾಪ್ಚರ್ ಅಥವಾ ಶಾರ್ಪ್‌ಕ್ಯಾಪ್ ಎಂಬ ಚಿತ್ರ ಹಿಡಿಯುವ ತಂತ್ರಾಂಶದಲ್ಲಿ ಎಸ್‌ಇಆರ್ ವಿಡಿಯೊ ಕಡತವಾಗಿ ಉಳಿಸಿ.

ಗಾಜು ತೆಳ್ಳಗಿರಲಿ

500 ಮಿ.ಮೀ. ಕನ್ನಡಿಗೆ ಹಳೆಯ ಪುಸ್ತಕಗಳು ಹೇಳುವ ದಪ್ಪ ವ್ಯಾಸದ ಆರನೇ ಒಂದು ಭಾಗ, ಅಂದರೆ 83 ಮಿ.ಮೀ. ಬೋರೋಸಿಲಿಕೇಟ್ ಗಾಜಿನಲ್ಲಿ ಅದರ ತೂಕ 36 ಕೆ.ಜಿ. ಅದೇ 30 ಮಿ.ಮೀ. ದಪ್ಪವಾದರೆ 13 ಕೆ.ಜಿ. ಈ 23 ಕೆ.ಜಿ. ವ್ಯತ್ಯಾಸ ಕನ್ನಡಿಯಲ್ಲಿಗೇ ನಿಲ್ಲುವುದಿಲ್ಲ. ಅದನ್ನು ಹೊರುವ ಪೆಟ್ಟಿಗೆ, ಬೇರಿಂಗು, ಮೋಟಾರು, ಕಂಬ ಎಲ್ಲದಕ್ಕೂ ಇಳಿಯುತ್ತದೆ.

ತೂಕಕ್ಕಿಂತ ದೊಡ್ಡ ಕಾರಣ ಶಾಖ. ನಿಲ್ದಾಣ ಕಾಣುವುದು ಸೂರ್ಯ ಮುಳುಗಿದ ಒಂದೆರಡು ಗಂಟೆಯೊಳಗೆ, ಅಥವಾ ಹುಟ್ಟುವ ಮುಂಚಿನ ಒಂದೆರಡು ಗಂಟೆಯಲ್ಲಿ. ಸಂಜೆ ಗಾಳಿ ಬೇಗ ತಣಿಯುತ್ತದೆ, ಗಾಜು ತಣಿಯುವುದಿಲ್ಲ. ಬಿಸಿ ಗಾಜಿನ ಮೇಲೆ ಏಳುವ ಗಾಳಿಯ ಪದರ ಫ್ರೀಡ್ ಅಳತೆಯನ್ನೆಲ್ಲ ಹಾಳುಮಾಡುತ್ತದೆ. ಫ್ಯಾನ್ ಇಲ್ಲದೆ 30 ಮಿ.ಮೀ. ಗಾಜಿನ ತಾಪವ್ಯತ್ಯಾಸ ಮೂರನೇ ಒಂದಕ್ಕೆ ಇಳಿಯಲು ಸುಮಾರು ಒಂದು ಗಂಟೆ, 83 ಮಿ.ಮೀ. ಗಾಜಿಗೆ ಎರಡೂವರೆ ಗಂಟೆಗೂ ಮೇಲೆ. ಹಿಂದಿನಿಂದಲೂ ಮುಂದಿನಿಂದಲೂ ಫ್ಯಾನ್ ಬೀಸಿದರೆ ತೆಳು ಗಾಜು 20-25 ನಿಮಿಷಕ್ಕೆ ಸರಿಹೋಗುತ್ತದೆ, ದಪ್ಪದ್ದು ಆಗಲೂ ಒಂದು ಗಂಟೆ ಕೇಳುತ್ತದೆ. ದಪ್ಪ ಗಾಜಿಟ್ಟುಕೊಂಡವರು ಸಂಜೆಯ ಹಾಯುವಿಕೆಯನ್ನು ಮರೆತು ಬೆಳಗಿನ ಜಾವದ್ದನ್ನೇ ನಂಬುವುದು ಒಳ್ಳೆಯದು. ತೆಳು ಗಾಜಿನವರಿಗೂ ಬೆಳಗಿನ ಜಾವವೇ ಲೇಸು: ಗಾಜು, ನೆಲ, ಗೋಡೆ ಎಲ್ಲ ರಾತ್ರಿಯಿಡೀ ತಣಿದಿರುತ್ತವೆ. ಡಿಸೆಂಬರ್-ಜನವರಿಯ ಬೆಂಗಳೂರಿನಲ್ಲಿ ಮಂಜು ಒಂದು ಅಡ್ಡಿ. ಹಗಲೆಲ್ಲ ಕಾದ ಕಾಂಕ್ರೀಟ್ ತಾರಸಿಗಿಂತ ಹುಲ್ಲಿನ ಅಂಗಳ ಯಾವತ್ತೂ ಮೇಲು.

ಎಫ್/4ರ ಆಳ ಕಮ್ಮಿಯೇನಲ್ಲ. 500 ಮಿ.ಮೀ.ಗೆ ನಡುವಿನ ತಗ್ಗು 7.8 ಮಿ.ಮೀ.; 30 ಮಿ.ಮೀ. ಗಾಜಿನ ನಡುವೆ ಉಳಿಯುವುದು 22 ಮಿ.ಮೀ. ಗೋಳದಿಂದ ಪ್ಯಾರಾಬೊಲಾಗೆ ಹೋಗಲು ಹತ್ತಿರದ ಗೋಳಕ್ಕೆ ಹೋಲಿಸಿದರೆ ಸುಮಾರು 1.9 ಮೈಕ್ರಾನ್ ಗಾಜು ತಿದ್ದಬೇಕು. ಕನ್ನಡಿಯ ಆಕಾರ ಅಳೆಯುವ ಫೋಕೋ ಪರೀಕ್ಷೆಯಲ್ಲಿ ಬೆಳಕೂ ಅದನ್ನು ಕತ್ತರಿಸುವ ಅಲಗೂ ಒಟ್ಟಿಗೆ ಚಲಿಸುವ ಉಪಕರಣವಾದರೆ ನಡುವಿಗೂ ಅಂಚಿಗೂ 7.8 ಮಿ.ಮೀ. ವ್ಯತ್ಯಾಸ ಬರಬೇಕು; ದೀಪ ಸ್ಥಿರವಾಗಿದ್ದರೆ 15.6. ಇದರಲ್ಲಿ ಗೊಂದಲ ಮಾಡಿಕೊಂಡು ಅರ್ಧ ತಿದ್ದಿದ ಕನ್ನಡಿಗಳು ಹುಟ್ಟುತ್ತವೆ. ಗಾಜು ಕೊಳ್ಳುವ ಮುಂಚೆಯೇ ಅಲ್ಯೂಮಿನಿಯಂ ಲೇಪ ಹಾಕಿಕೊಡುವವರ ನಿರ್ವಾತ ಪೆಟ್ಟಿಗೆಯ ವ್ಯಾಸ ಕೇಳಿಕೊಳ್ಳಿ. ಪೆಟ್ಟಿಗೆ 45 ಸೆಂ.ಮೀ.ನದಾದರೆ 50 ಸೆಂ.ಮೀ.ಯ ಕನ್ನಡಿ ಉಜ್ಜಿ ಪ್ರಯೋಜನವಿಲ್ಲ. ಬೆಳ್ಳಿ ಲೇಪ ಕೆಂಪಿನಲ್ಲಿ ಹೆಚ್ಚು ಹೊಳೆಯುತ್ತದೆ, ಆದರೆ ಕರಾವಳಿಯ ತೇವಕ್ಕೆ ಕಪ್ಪಾಗುತ್ತದೆ.

ತೆಳು ಗಾಜಿನ ಶತ್ರು ಅಸ್ಟಿಗ್ಮ್ಯಾಟಿಸಂ, ಅಂದರೆ ಗಾಜು ಬಾಗಿ ಚುಕ್ಕೆ ಉದ್ದುದ್ದ ಕಾಣುವ ದೋಷ. ಹಿಂಬದಿಗೆ 18 ಬಿಂದುಗಳ ತೇಲುತೊಟ್ಟಿಲು (ಗಾಜಿನ ಭಾರವನ್ನು ಸಮವಾಗಿ ಹಂಚಿ ಹೊರುವ ಆಧಾರ) ಸಾಕು, 27 ಆದರೆ ನೆಮ್ಮದಿ. ಬಿಂದುಗಳು ಎಲ್ಲಿರಬೇಕೆಂದು ಪ್ಲಾಪ್ ಎಂಬ ಉಚಿತ ತಂತ್ರಾಂಶ ಲೆಕ್ಕ ಹಾಕಿಕೊಡುತ್ತದೆ. ಅಂಚಿನ ಆಧಾರದಲ್ಲೇ ಹೆಚ್ಚು ಜನ ತಪ್ಪುವುದು. ಅಂಚನ್ನು ಹಿಡಿಯುವ ಬಿಂದುಗಳು ಗಾಜಿನ ಗುರುತ್ವ ಕೇಂದ್ರದ ಸಮತಲದಲ್ಲೇ ಇರಬೇಕು. 30 ಮಿ.ಮೀ. ಗಾಜಿನಲ್ಲಿ 3-4 ಮಿ.ಮೀ. ಹಿಂದೆ ಮುಂದೆ ಆದರೂ ಟೆಲಿಸ್ಕೋಪ್ ಬಗ್ಗಿದಾಗ ಗಾಜು ಮಡಚಿಕೊಳ್ಳುತ್ತದೆ. ಹಿಂಬದಿಗೆ ದಪ್ಪ ಸಿಲಿಕೋನ್ ಉಂಡೆ ಹಾಕಿ ಅಂಟಿಸುವುದು ಇನ್ನೂ ಕೆಟ್ಟದ್ದು. ನಕ್ಷತ್ರವೊಂದನ್ನು ಫೋಕಸಿನ ಒಳಗೂ ಹೊರಗೂ ನೋಡಿ. ಉದ್ದ ಚಿತ್ರ ಅಡ್ಡಕ್ಕೆ ತಿರುಗಿದರೆ ಅಸ್ಟಿಗ್ಮ್ಯಾಟಿಸಂ ಇದೆ ಅಂತ. ಕನ್ನಡಿಯನ್ನು ಕಾಲು ಸುತ್ತು ತಿರುಗಿಸಿದಾಗ ಅದೂ ತಿರುಗಿದರೆ ದೋಷ ಗಾಜಿನದು, ತಿರುಗದಿದ್ದರೆ ತೊಟ್ಟಿಲಿನದು ಅಥವಾ ಓರೆಗನ್ನಡಿಯದು, ಅಂದರೆ ಬೆಳಕನ್ನು ಕೊಳವೆಯ ಪಕ್ಕಕ್ಕೆ ತಿರುಗಿಸುವ ಚಿಕ್ಕ ಕನ್ನಡಿಯದು.

ಓರೆಗನ್ನಡಿ 100ರಿಂದ 110 ಮಿ.ಮೀ. ಇದ್ದರೆ ಸಾಕು. ಬೇಕಾದ ದೃಶ್ಯಕ್ಷೇತ್ರ ತೀರಾ ಚಿಕ್ಕದು. ಆದರೆ ಆ ಚಿಕ್ಕದರ ಮಿತಿ ಗೊತ್ತಿರಬೇಕು: ಎಫ್/4 ಪ್ಯಾರಾಬೊಲಾದಲ್ಲಿ ಕೋಮಾ (ನಡುವಿನಿಂದ ದೂರವಾದಂತೆ ಚುಕ್ಕೆಗೆ ಬಾಲ ಮೂಡುವ ದೋಷ) ಕಾಡದ ವಲಯದ ವ್ಯಾಸ ಸುಮಾರು 1.4 ಮಿ.ಮೀ., ಆಕಾಶದಲ್ಲಿ ಸುಮಾರು 145 ಆರ್ಕ್‌ಸೆಕೆಂಡ್. ನಿಲ್ದಾಣ ನಡುವಿನಿಂದ 70 ಆರ್ಕ್‌ಸೆಕೆಂಡ್ ಆಚೆ ಹೋದರೆ ಸೆನ್ಸರಿನ ಮೇಲಿದ್ದರೂ ಮಸುಕು. ಮೌಂಟಿನ ಗುರಿ ಇಲ್ಲಿಂದಲೇ ಹುಟ್ಟುತ್ತದೆ. ಕಾಲಿಮೇಶನ್, ಅಂದರೆ ಕನ್ನಡಿಗಳ ನೇರ ಜೋಡಣೆ, ಅಷ್ಟೇ ಕೆಟ್ಟರೂ ಅದೇ ಫಲ, ಹಾಗಾಗಿ ಟ್ರಸ್ (ಎರಡು ಕನ್ನಡಿಗಳನ್ನು ಹಿಡಿದಿಡುವ ಕೊಳವೆಗಳ ಚೌಕಟ್ಟು) ಬಾಗದಂತಿರಬೇಕು.

ಟ್ರಸ್ ಪರೀಕ್ಷೆಗೆ ಒಂದು ಸರಳ ವಿಧಾನ. ಕೊಳವೆಯನ್ನು ಅಡ್ಡಲಾಗಿ ಹಿಡಿಸಿ, ಮೇಲಿನ ಉಂಗುರಕ್ಕೆ ಅದರ ತೂಕದಷ್ಟೇ ಮರಳುಚೀಲ ತೂಗುಹಾಕಿ, ಡಯಲ್ ಗೇಜಿನಲ್ಲಿ ಎಷ್ಟು ಇಳಿಯಿತು ನೋಡಿ. 16ನ್ನು ಆ ಮಿಲಿಮೀಟರಿನ ವರ್ಗಮೂಲದಿಂದ ಭಾಗಿಸಿದರೆ ಕಂಪನದ ಆವೃತ್ತಿ ಹರ್ಟ್ಸ್‌ನಲ್ಲಿ ಸಿಗುತ್ತದೆ. ಒಂದು ಮಿ.ಮೀ. ಇಳಿದರೆ 16 ಹರ್ಟ್ಸ್, ಕಾಲು ಮಿ.ಮೀ. ಇಳಿದರೆ 32. ಇಪ್ಪತ್ತಕ್ಕಿಂತ ಕಡಿಮೆ ಬಂದರೆ ಕೊಳವೆ ದಪ್ಪ ಮಾಡುವ ಬದಲು ಮೇಲಿನ ಉಂಗುರದ ತೂಕ ಇಳಿಸಿ, ತ್ರಿಕೋನಗಳ ಬುಡ ಅಗಲಿಸಿ. 10 ಹರ್ಟ್ಸ್‌ನಲ್ಲಿ 5 ಆರ್ಕ್‌ಸೆಕೆಂಡ್ ಅಲುಗಿದರೆ ಅದರ ಗರಿಷ್ಠ ವೇಗ ಸೆಕೆಂಡಿಗೆ 314 ಆರ್ಕ್‌ಸೆಕೆಂಡ್. ಒಂದೇ ಮಿಲಿಸೆಕೆಂಡಿನಲ್ಲಿ 0.3, ಅಂದರೆ ಕನ್ನಡಿಯ ಪೂರ್ತಿ ವಿವರ ಹೋಯಿತು.

ಅಲ್ಯೂಮಿನಿಯಂ ಟ್ರಸ್ ಇನ್ನೊಂದು ಕೀಟಲೆ ಮಾಡುತ್ತದೆ. 1.7 ಮೀಟರ್ ಕೊಳವೆ ಒಂದು ಡಿಗ್ರಿ ಸೆಲ್ಸಿಯಸ್ ತಣಿದರೆ 39 ಮೈಕ್ರಾನ್ ಕುಗ್ಗುತ್ತದೆ. ಎಫ್/4ರ ಫೋಕಸ್ ಸಹಿಸುವುದು ಎರಡೂ ಕಡೆಗೆ 21 ಮೈಕ್ರಾನ್. ಕಾರ್ಬನ್ ಫೈಬರ್ ಕೊಳವೆ ಸಿಗದಿದ್ದರೆ ಹಾಯುವಿಕೆಗೆ ಐದು ನಿಮಿಷ ಮುಂಚೆ, ಅದು ಹಾಯುವ ಎತ್ತರದಲ್ಲೇ ಇರುವ ಪ್ರಕಾಶಮಾನ ನಕ್ಷತ್ರಕ್ಕೆ ಫೋಕಸ್ ಮಾಡಿ. ನಕ್ಷತ್ರ ಅನಂತ ದೂರದಲ್ಲಿದೆ, ನಿಲ್ದಾಣ 410 ಕಿ.ಮೀ. ದೂರದಲ್ಲಿ, ಫೋಕಸ್ ಬೇರೆಯಾಗದೇ ಎಂಬ ಅನುಮಾನ ಸಹಜ. ವ್ಯತ್ಯಾಸ 10 ಮೈಕ್ರಾನ್, ಮಿತಿಯೊಳಗೇ ಇದೆ.

ನೆತ್ತಿಯ ಮೋಹ

ಒಂದು ಅಕ್ಷ ಮೇಲೆ ಕೆಳಗೆ, ಇನ್ನೊಂದು ದಿಗಂತದಗುಂಟ ತಿರುಗುವ ಆಲ್ಟ್-ಅಜಿಮತ್ ಮೌಂಟ್ ಅಗ್ಗ, ಗಟ್ಟಿ, ಕಟ್ಟಲು ಸುಲಭ. ಅದಕ್ಕಿರುವ ದೋಷ ನೆತ್ತಿ. ಉಪಗ್ರಹ ಹೆಚ್ಚೆಂದರೆ 60 ಡಿಗ್ರಿ ಏರಿದರೆ ದಿಗಂತದಗುಂಟ ತಿರುಗಿಸುವ ಅಜಿಮತ್ ಅಕ್ಷ ಸೆಕೆಂಡಿಗೆ 1.9 ಡಿಗ್ರಿ ತಿರುಗಬೇಕು, 70 ಡಿಗ್ರಿಗೆ 2.9, 80 ಡಿಗ್ರಿಗೆ 6, 85 ಡಿಗ್ರಿಗೆ 12. ಇದನ್ನು ನೋಡಿ ಜನ ಮೂರನೇ ಅಕ್ಷ ಸೇರಿಸಲು ಹೊರಡುತ್ತಾರೆ. ಅವಸರ ಬೇಡ. 70 ಡಿಗ್ರಿಯಲ್ಲಿ ನಿಲ್ದಾಣದ ದೂರ 435 ಕಿ.ಮೀ., ನೆತ್ತಿಯಲ್ಲಿ 410. ವಿವರದಲ್ಲಿ ಆರು ಶೇಕಡಾ ನಷ್ಟ, ಅಷ್ಟೇ. ಸೆಕೆಂಡಿಗೆ 6 ಡಿಗ್ರಿ ತಿರುಗುವ ಮೌಂಟ್ ಕಟ್ಟಿ, 80ರ ಮೇಲಿನ ಹಾಯುವಿಕೆ ಬಿಟ್ಟುಬಿಡಿ. 30 ಡಿಗ್ರಿಯ ಕೆಳಗಿನದ್ದನ್ನೂ ಬಿಡಿ. ಅಲ್ಲಿ ದೂರ 757 ಕಿ.ಮೀ., ಗಾಳಿಯೂ ದುಪ್ಪಟ್ಟು.

ಯಾವುದನ್ನೂ ಬಿಡಲೊಲ್ಲೆ ಎನ್ನುವವರಿಗೆ ನಮ್ಮ ಅಕ್ಷಾಂಶ ಒಂದು ಸವಲತ್ತು ಕೊಟ್ಟಿದೆ. ಒಂದು ಅಕ್ಷವನ್ನು ಧ್ರುವನಕ್ಷತ್ರದತ್ತ ಓರೆಯಾಗಿಸಿದ ಈಕ್ವೆಟೋರಿಯಲ್ ಮೌಂಟಿನ ಕುರುಡು ಜಾಗ ಆಕಾಶದ ಧ್ರುವದ ಸುತ್ತ. ಬೆಂಗಳೂರಿನಲ್ಲಿ ಧ್ರುವ ಉತ್ತರ ದಿಗಂತದಿಂದ 13 ಡಿಗ್ರಿ ಮೇಲಷ್ಟೇ ಇದೆ, ಹೇಗೂ ಚಿತ್ರ ತೆಗೆಯದ ಜಾಗದಲ್ಲಿ. ಯುರೋಪಿನವರಿಗೆ ಈ ಭಾಗ್ಯವಿಲ್ಲ. ಅವರ ಧ್ರುವ 50 ಡಿಗ್ರಿ ಮೇಲೆ, ಒಳ್ಳೆಯ ಆಕಾಶದ ನಡುವೆ. ಆದರೆ 13 ಡಿಗ್ರಿಗೆ ಓರೆಯಾದ ಅಕ್ಷ ಹೆಚ್ಚುಕಮ್ಮಿ ಮಲಗಿಯೇ ಇರುತ್ತದೆ, ಒಂದೇ ಕಡೆ ಆಧಾರವಿರುವ ಫೋರ್ಕ್ ಜೋತುಬೀಳುತ್ತದೆ. ಎರಡೂ ತುದಿಗೆ ಬೇರಿಂಗ್ ಕೊಡುವ ನೊಗದ ಮಾದರಿಯೇ ಸರಿ. 2.5 ಮೀಟರ್ ಉದ್ದದ ನೊಗಕ್ಕೆ ಉತ್ತರದ ಬೇರಿಂಗ್ ದಕ್ಷಿಣದ್ದಕ್ಕಿಂತ ಬರೀ 56 ಸೆಂ.ಮೀ. ಎತ್ತರ. ತಮಿಳುನಾಡಿನ ಕಾವಲೂರಿನ 2.34 ಮೀಟರ್ ವೈನು ಬಪ್ಪು ಟೆಲಿಸ್ಕೋಪ್ ಕೂತಿರುವುದೂ ಕುದುರೆಲಾಳದ ನೊಗದ ಮೇಲೆಯೇ. ಕೊಳವೆ ಒಂದು ಪಕ್ಕ, ಸಮತೂಕದ ಭಾರ ಇನ್ನೊಂದು ಪಕ್ಕ ಇರುವ ಜರ್ಮನ್ ಮೌಂಟ್ ಮಾತ್ರ ಬೇಡ. ಉಪಗ್ರಹ ಮಧ್ಯಾಹ್ನರೇಖೆ ದಾಟುವ ಹೊತ್ತಿಗೆ ಕೊಳವೆ ಕಂಬಕ್ಕೆ ಬಡಿಯುತ್ತದೆ. ನೊಗಕ್ಕೂ ಒಂದು ಬೆಲೆ ಇದೆ: ಗಾಜಿನ ಅಂಚಿಗೆ ಗುರುತ್ವ ಎಲ್ಲ ದಿಕ್ಕಿನಿಂದ ಬರುತ್ತದೆ. ಡಾಬ್ಸೋನಿಯನ್ನಿನಂತೆ (ಸರಳ ಆಲ್ಟ್-ಅಜಿಮತ್ ಪೆಟ್ಟಿಗೆಯ ಟೆಲಿಸ್ಕೋಪ್) ಕೆಳಗೆ ಎರಡು ಬಿಂದು ಕೊಟ್ಟರೆ ಸಾಲದು, ಸುತ್ತಲೂ ಕೊಡಬೇಕು.

ಮೋಟಾರಿನ ಬಗ್ಗೆ ತಪ್ಪು ಭಯಗಳಿವೆ. ಇಷ್ಟು ಭಾರವನ್ನು ಇಷ್ಟು ಬೇಗ ತಿರುಗಿಸಲು ದೈತ್ಯ ಮೋಟಾರು ಬೇಕೆಂದು ಅನಿಸುತ್ತದೆ. 80 ಡಿಗ್ರಿಯ ಹಾಯುವಿಕೆಯಲ್ಲೂ ಅಜಿಮತ್ ಅಕ್ಷದ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 0.4 ಡಿಗ್ರಿ. ಜಡತ್ವಭ್ರಮಣ 20 ಕಿಲೋಗ್ರಾಂ-ಚದರ ಮೀಟರ್ ಎಂದು ಹಿಡಿದರೂ ಬೇಕಾದ ಟಾರ್ಕ್ 0.15 ನ್ಯೂಟನ್-ಮೀಟರ್. ಅದೇ 60 ಕೆ.ಜಿ. ಭಾರ ಟೆಫ್ಲಾನ್ ಪ್ಯಾಡಿನ ಮೇಲೆ, 25 ಸೆಂ.ಮೀ. ತ್ರಿಜ್ಯದಲ್ಲಿ ಕೂತಿದ್ದರೆ ಘರ್ಷಣೆಯೇ 15 ನ್ಯೂಟನ್-ಮೀಟರ್, ನೂರು ಪಟ್ಟು. ಅದೂ ಹಿಡಿದು ಬಿಟ್ಟು ಜಗ್ಗುವ ಘರ್ಷಣೆ. ಕಣ್ಣಿನಿಂದ ನೋಡಲು ಟೆಫ್ಲಾನ್ ಸೊಗಸು, ಮೋಟಾರಿಗೆ ಶಾಪ. ಬಾಲ್ ಬೇರಿಂಗಿಗೆ ಹಣ ಹಾಕಿ.

ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪರ್ ಮೋಟಾರ್, ಹೆಜ್ಜೆಗೆ 64 ಮೈಕ್ರೊಸ್ಟೆಪ್, ಗಿಯರಿನಲ್ಲಿ ನೂರಕ್ಕೊಂದು ಇಳಿತ ಇಟ್ಟರೆ ಒಂದು ಮೈಕ್ರೊಸ್ಟೆಪ್ ಒಂದು ಆರ್ಕ್‌ಸೆಕೆಂಡ್. ಸೆಕೆಂಡಿಗೆ 6 ಡಿಗ್ರಿಗೆ ಮೋಟಾರ್ ನಿಮಿಷಕ್ಕೆ 100 ಸುತ್ತು. ಆದರೆ ಸೆಕೆಂಡಿಗೆ ಒಂದು ಡಿಗ್ರಿ ಓಡುವಾಗ ಪೂರ್ಣ ಹೆಜ್ಜೆಗಳು 56 ಹರ್ಟ್ಸ್‌ನಲ್ಲಿ ಬಡಿಯುತ್ತವೆ. ಅರ್ಧ ವೇಗದಲ್ಲಿ 28. ಟ್ರಸ್ ಅದೇ ಆವೃತ್ತಿಯದಾದರೆ ಹಾಯುವಿಕೆಯ ನಡುವೆ ಒಂದು ಜಾಗದಲ್ಲಿ ಚಿತ್ರ ಇದ್ದಕ್ಕಿದ್ದಂತೆ ನಡುಗಿ ಮತ್ತೆ ಸರಿಯಾಗುತ್ತದೆ. ಆ ಲಕ್ಷಣ ಕಂಡರೆ ಗಾಳಿಯನ್ನು ಬೈಯಬೇಡಿ, ಇಳಿತದ ಅನುಪಾತ ಬದಲಿಸಿ, ಅಥವಾ ಎನ್ಕೋಡರ್ (ತಿರುಗಿದ ಕೋನ ಅಳೆಯುವ ಸಾಧನ) ಇರುವ ಸರ್ವೊ ಮೋಟಾರಿಗೆ ಹೋಗಿ. ಹಾರ್ಮೋನಿಕ್ ಡ್ರೈವ್ ಎಂಬ ಬಗೆಯ ಗಿಯರಿನ 20 ಆರ್ಕ್‌ಸೆಕೆಂಡ್ ಆವರ್ತ ದೋಷ ನಕ್ಷತ್ರಪುಂಜದ ಫೋಟೊ ತೆಗೆಯುವವರ ನಿದ್ದೆ ಕೆಡಿಸುತ್ತದೆ. ಇಲ್ಲಿ ಒಂದು ಮಿಲಿಸೆಕೆಂಡಿನಲ್ಲಿ ಅದು 0.04 ಆರ್ಕ್‌ಸೆಕೆಂಡನ್ನೂ ದಾಟುವುದಿಲ್ಲ.

ಗಡಿಯಾರ, ಕಕ್ಷೆ, ಎರಡನೇ ಕಣ್ಣು

ಸೆಲೆಸ್ಟ್ರಾಕ್ ಜಾಲತಾಣದಿಂದ ಕಕ್ಷೆಯ ದತ್ತಾಂಶವನ್ನು ಆ ದಿನವೇ ಇಳಿಸಿಕೊಂಡು, ಉಪಗ್ರಹ ಯಾವಾಗ ಎಲ್ಲಿರುತ್ತದೆಂದು ಹೇಳುವ ಎಸ್‌ಜಿಪಿ4 ಲೆಕ್ಕಕ್ಕೆ ಕೊಡಬೇಕು. ಹೊಸದಾಗಿದ್ದರೂ ಒಂದು ಕಿ.ಮೀ. ತಪ್ಪು ಇರುತ್ತದೆ, ಹಳೆಯದಾದಷ್ಟೂ ಬೆಳೆಯುತ್ತದೆ; ಬಹುಪಾಲು ತಪ್ಪು ಓಟದ ದಿಕ್ಕಿನಲ್ಲೇ. ಒಂದು ಕಿ.ಮೀ. ಅಂದರೆ 8 ಆರ್ಕ್‌ಮಿನಿಟ್ (ಒಂದು ಆರ್ಕ್‌ಮಿನಿಟ್ ಅಂದರೆ 60 ಆರ್ಕ್‌ಸೆಕೆಂಡ್), ನಮ್ಮ ಸೆನ್ಸರಿನ ಅಗಲ 4 ಕೂಡ ಇಲ್ಲ. ಗಡಿಯಾರದ್ದೂ ಅದೇ ಕತೆ: ಒಂದು ಮಿಲಿಸೆಕೆಂಡ್ ತಪ್ಪಿದರೆ 4 ಆರ್ಕ್‌ಸೆಕೆಂಡ್, ಇಂಟರ್ನೆಟ್ ಸಮಯದ 30 ಮಿಲಿಸೆಕೆಂಡ್ ತಪ್ಪು ಎಂದರೆ ಸುಮಾರು ಎರಡು ಆರ್ಕ್‌ಮಿನಿಟ್. ಸೆಕೆಂಡಿಗೊಂದು ಮಿಡಿತ ಕೊಡುವ ಜಿಪಿಎಸ್ ಮಾಡ್ಯೂಲ್ ಹಾಕಿ, ಆ ಚಿಂತೆ ಕಳೆಯಿರಿ.

ಉಳಿದ ತಪ್ಪಿಗೆ ಎರಡನೇ ಕಣ್ಣು ಬೇಕು: 50 ಮಿ.ಮೀ. ಲೆನ್ಸು, 200 ಮಿ.ಮೀ. ಸಂಗಮದೂರ, ಇನ್ನೊಂದು ಅದೇ ಬಗೆಯ ಕ್ಯಾಮೆರಾ. ದೃಶ್ಯಕ್ಷೇತ್ರ 1.6 ಡಿಗ್ರಿ, ಪಿಕ್ಸೆಲಿಗೆ 3 ಆರ್ಕ್‌ಸೆಕೆಂಡ್. ತಂತ್ರಾಂಶ ಅದರಲ್ಲಿ ಬೆಳಗಿದ ಚುಕ್ಕೆಯ ಕೇಂದ್ರ ಹುಡುಕಿ ಮೌಂಟನ್ನು ತಿದ್ದುತ್ತದೆ. ತಿದ್ದುಪಡಿಯನ್ನು ಎರಡು ಅಕ್ಷಗಳ ತಪ್ಪಾಗಿ ನೋಡದೆ ಮೊದಲು ಸಮಯದ ತಪ್ಪಾಗಿ ನೋಡಿ; ಒಂದೇ ಸಂಖ್ಯೆ ಸರಿಮಾಡಿದರೆ ಮುಕ್ಕಾಲು ಸಮಸ್ಯೆ ಮುಗಿಯುತ್ತದೆ.

ಬರೀ ಕ್ಯಾಮೆರಾ ನಂಬಿ ಹಿಂಬಾಲಿಸುವ ತಂತ್ರಾಂಶ ಬರೆಯುವವರು ಒಂದು ಗೋಡೆಗೆ ಗುದ್ದಿಕೊಳ್ಳುತ್ತಾರೆ. ಫ್ರೇಮ್ ಬಂದು, ಲೆಕ್ಕವಾಗಿ, ಮೋಟಾರಿಗೆ ತಲುಪಲು 50-60 ಮಿಲಿಸೆಕೆಂಡ್ ಹೋಗುವುದರಿಂದ ತಿದ್ದುಪಡಿಯ ಗೇನ್ (ಕಂಡ ತಪ್ಪನ್ನು ಎಷ್ಟು ಜೋರಾಗಿ ತಿದ್ದುವುದು ಎಂಬ ಸಂಖ್ಯೆ; ಕ್ಯಾಮೆರಾದ ಗೇನ್ ಅಲ್ಲ) ಹೆಚ್ಚಿಸಿದರೆ ಮೌಂಟ್ ತೂಗಾಡುತ್ತದೆ. ಗೇನ್ ಸೆಕೆಂಡಿಗೆ 2 ಎಂದು ಇಟ್ಟರೆ, ಸೆಕೆಂಡಿಗೆ ಒಂದು ಡಿಗ್ರಿ ಓಟಕ್ಕೆ ಅರ್ಧ ಡಿಗ್ರಿ ಹಿಂದೆ ಬೀಳುತ್ತದೆ. ಕಕ್ಷೆಯಿಂದ ಲೆಕ್ಕ ಹಾಕಿದ ವೇಗವನ್ನು ಮೊದಲೇ ಮೋಟಾರಿಗೆ ಕೊಟ್ಟು, ಕ್ಯಾಮೆರಾಗೆ ಉಳಿದ ಚೂರನ್ನಷ್ಟೇ ಬಿಡಬೇಕು. ಈ ಎರಡನೇ ಕಣ್ಣು ಮುಖ್ಯ ಕೊಳವೆಯ ಜೊತೆ ಬಾಗದಂತೆ ಕನ್ನಡಿಪೆಟ್ಟಿಗೆಗೇ ಬಿಗಿಯಿರಿ, ಟ್ರಸ್ ಕೊಳವೆಗಲ್ಲ. ಅಂದಹಾಗೆ, ನೆದರ್ಲ್ಯಾಂಡ್ಸ್‌ನ ರಾಲ್ಫ್ ವಂಡೆಬರ್ಗ್ ಈ ಯಾವ ಮೋಟಾರೂ ಇಲ್ಲದೆ, ಫೈಂಡರ್ ನೋಡುತ್ತಾ 25 ಸೆಂ.ಮೀ. ಟೆಲಿಸ್ಕೋಪನ್ನು ಕೈಯಿಂದಲೇ ತಿರುಗಿಸಿ ನಿಲ್ದಾಣದ ವಿವರ ತೆಗೆದವರು. 25 ಸೆಂ.ಮೀ.ಗೆ ಆದೀತು, ಅರ್ಧ ಮೀಟರಿಗೆ ಕೈ ಸಾಲದು.

ಸಂಜೆಯ ಹಾಯುವಿಕೆಯಲ್ಲಿ ಪೂರ್ವದ ಅರ್ಧಕ್ಕೆ ಗಮನ ಕೊಡಿ. ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ, ನಿಲ್ದಾಣ ತುಂಬು ಬೆಳಗಿರುತ್ತದೆ. ಅಲ್ಲೇ ಅದು ಭೂಮಿಯ ನೆರಳಿಗೂ ಹೊಗುವುದರಿಂದ ನೆರಳಿನ ಸಮಯ ಮೊದಲೇ ನೋಡಿಕೊಳ್ಳಿ.

ಫ್ರೇಮುಗಳನ್ನು ಪಿಪ್ ತಂತ್ರಾಂಶದಲ್ಲಿ ನಡುವಿಗೆ ತಂದು ಕತ್ತರಿಸಿ, ಆಟೋಸ್ಟಾಕರ್ಟ್ ತಂತ್ರಾಂಶದಲ್ಲಿ ಒಂದರ ಮೇಲೊಂದು ಪೇರಿಸುವುದು ವಾಡಿಕೆ. ಎಷ್ಟು ಸೆಕೆಂಡಿನ ಫ್ರೇಮ್ ಪೇರಿಸಬಹುದು ಎಂಬುದಕ್ಕೆ ಮಿತಿ ಇದೆ. ನಾವು ನಿಲ್ದಾಣವನ್ನು ನೋಡುವ ಕೋನ ಸೆಕೆಂಡಿಗೆ ಒಂದು ಡಿಗ್ರಿಗೂ ಹೆಚ್ಚು ಬದಲಾಗುತ್ತಿರುತ್ತದೆ. 20 ಮೀಟರ್ ಹಿಂದೆ ಮುಂದೆ ಇರುವ ಎರಡು ಭಾಗಗಳು ಎರಡು ಸೆಕೆಂಡಿನಲ್ಲಿ ಪರಸ್ಪರ ಮುಕ್ಕಾಲು ಮೀಟರ್ ಸರಿದಿರುತ್ತವೆ, ನಮ್ಮ ವಿವರದ ಮಿತಿ 60 ಸೆಂ.ಮೀ. ಆದ್ದರಿಂದ ಒಂದು ಸೆಕೆಂಡು, 150 ಫ್ರೇಮು, ಅದರಲ್ಲಿ ಒಳ್ಳೆಯ 15. ಕೃತಕ ಬುದ್ಧಿಮತ್ತೆಯಿಂದ ಚೂಪು ಮಾಡುವ ತಂತ್ರಾಂಶಗಳನ್ನು ಈ ಕೆಲಸಕ್ಕೆ ಮುಟ್ಟಬೇಡಿ; ಇಲ್ಲದ ಕಿಟಕಿ, ಇಲ್ಲದ ಕೊಕ್ಕೆ ಬರೆದುಕೊಡುತ್ತವೆ. ಚೂಪು ಮಾಡುವ ಇನ್ನೊಂದು ವಿಧಾನವಾದ ವೇವ್‌ಲೆಟ್ ಕೂಡ ಮಿತಿ ಮೀರಿದರೆ ಅದನ್ನೇ ಮಾಡುತ್ತದೆ. ಕಂಡ ವಿವರ ನಿಜವೋ ಅಲ್ಲವೋ ತಿಳಿಯಲು ಆ 15 ಫ್ರೇಮುಗಳನ್ನು ಎರಡು ಪಾಲು ಮಾಡಿ ಬೇರೆಬೇರೆ ಪೇರಿಸಿ, ಒಂದೇ ಬಗೆಯಲ್ಲಿ ಚೂಪು ಮಾಡಿ. ಎರಡರಲ್ಲೂ ಬಂದದ್ದನ್ನು ಮಾತ್ರ ಲೆಕ್ಕಕ್ಕಿಡಿ, ಪಕ್ಕದ ಸೆಕೆಂಡಿನಲ್ಲೂ ಅದೇ ಜಾಗದಲ್ಲಿದೆಯೇ ನೋಡಿ.

ನಿಲ್ದಾಣ ಕೈಹಿಡಿದ ಮೇಲೆ ಮುಂದಿನ ಗುರಿ ಚೀನಾದ ಬಾಹ್ಯಾಕಾಶ ನಿಲ್ದಾಣ ತಿಯಾಂಗಾಂಗ್, ಭೂಮಧ್ಯರೇಖೆಗೆ ಅದರ ಕಕ್ಷೆಯ ಓರೆ 41.5 ಡಿಗ್ರಿ. ಅದರಾಚೆ ಹಬಲ್ ಬಾಹ್ಯಾಕಾಶ ಟೆಲಿಸ್ಕೋಪ್. ಅದರ ಓರೆ 28.5 ಡಿಗ್ರಿ ಆದ್ದರಿಂದ ಕರ್ನಾಟಕದ ಆಕಾಶದಲ್ಲಿ ಎತ್ತರಕ್ಕೆ ಬರುತ್ತದೆ. 52 ಡಿಗ್ರಿ ಉತ್ತರದ ನೆದರ್ಲ್ಯಾಂಡ್ಸ್‌ನಲ್ಲಿ ಅದು ಹುಟ್ಟುವುದೇ ಇಲ್ಲ. 13.2 ಮೀಟರ್ ಉದ್ದ, 500 ಕಿ.ಮೀ.ಗೆ ತುಸು ಆಚೀಚೆ ಎತ್ತರ: 5 ಆರ್ಕ್‌ಸೆಕೆಂಡ್, ನಮ್ಮ ಸೆನ್ಸರಿನಲ್ಲಿ ನಲವತ್ತು ಚಿಲ್ಲರೆ ಪಿಕ್ಸೆಲ್. ಕೊಳವೆ ಒಂದು ಕಡೆ, ರೆಕ್ಕೆಯಂತೆ ಎರಡು ಸೌರಫಲಕ. ಬೆಳಕು ನಿಲ್ದಾಣದ್ದಕ್ಕಿಂತ ಎಷ್ಟೋ ಮಂದ, ಆದರೂ ಚಿಕ್ಕ ಜಾಗದಲ್ಲಿ ಕೂಡಿರುವುದರಿಂದ, ಮೇಲೆ ಹೇಳಿದ ಒಂದು ಮಿಲಿಸೆಕೆಂಡಿನ ಮಿತಿಯನ್ನು ಇಲ್ಲಿ ಮಾತ್ರ ಸಡಿಲಿಸಿ, ಎಕ್ಸ್‌ಪೋಷರನ್ನು 2 ಮಿಲಿಸೆಕೆಂಡಿಗೆ ಏರಿಸಿ ಶುರುಮಾಡಬಹುದು.